ಹುರುಳಿ ಹುರಿದ ವಾಸನೆ

ನಿಂತಿರುವ ಕಾರನ್ನು ಕಂಡರೆ ಮೊಣಕಾಲೂರಿ, ಕತ್ತು ಓರೆ ಮಾಡಿ, ಅದರ ಹೊಟ್ಟೆಯ ಕೆಳಗೆ ಇಣುಕಿ ನೋಡುವ ಚಾಳಿಯೊಂದು ನನಗಿದೆ. ಅದು ನನ್ನ ಕಾರೇ ಆಗಬೇಕೆಂದಿಲ್ಲ. ಮದುವೆ ಛತ್ರದ ಮುಂದೆ, ಬೇಲೂರಿನ ಬಸ್ ನಿಲ್ದಾಣದ ಪಕ್ಕದಲ್ಲಿ, ಪರರ ಕಾರುಗಳ ಉದರದರ್ಶನವನ್ನೂ ನಾನು ನಿಸ್ಸಂಕೋಚವಾಗಿ ಮಾಡಿದ್ದೇನೆ. ಕಂಡವರು ಚಿಲ್ಲರೆ ಉರುಳಿಹೋಗಿರಬೇಕೆಂದು ತಾವೂ ಬಗ್ಗಿ ಹುಡುಕುವುದುಂಟು. ಒಬ್ಬ ಪುಣ್ಯಾತ್ಮರಂತೂ "ಬೆಕ್ಕಾ ಸಾರ್?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ತಾವೇ ಚಕ್ರದ ಬಳಿ ಕುಳಿತು ಮುದ್ದಾಗಿ ಕರೆಯತೊಡಗಿದರು. ನಾನು ಹುಡುಕುವುದು ಬೆಕ್ಕನ್ನಲ್ಲ, ಚಿಲ್ಲರೆಯನ್ನೂ ಅಲ್ಲ. ಒಣಗಿದ ಹುರುಳಿ ಬಳ್ಳಿಯ ತುಂಡನ್ನು. ಈ ಚಾಳಿ ನನಗೆ ಅಂಟಿದ ಬಗೆಯನ್ನು ಹೇಳಬೇಕಾದರೆ ನನ್ನ ಮೂರ್ಖತನವೊಂದನ್ನೂ ಜೊತೆಗೇ ಹೇಳಬೇಕಾಗುತ್ತದೆ. ಹೇಳಿಬಿಡುತ್ತೇನೆ, ನೀವು ನಮ್ಮವರೇ ಅಲ್ಲವೇ?

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಹಾಗೆಂದು ನನ್ನ ಕನ್ನಡ ಕಾಲೇಜಿನದಲ್ಲ. ಅದು ನಮ್ಮ ದೊಡ್ಡಪ್ಪನ ಕೊಬ್ಬರಿ ಮಂಡಿಯಲ್ಲಿ ಗೋಣಿತಾಟಿನ ಮೇಲೆ ಕುಳಿತು ಕಲಿತದ್ದು. ತಂದೆಯಿಲ್ಲದ ನನ್ನನ್ನು ಸಾಕಿದವರು ದೊಡ್ಡಪ್ಪ. ಒಂದೇ ತಪ್ಪಿಗೆ ಎರಡು ಸಲ ಒಂದೇ ಬೈಗುಳವನ್ನು ಬಳಸದಷ್ಟು ಶಬ್ದಸಂಪತ್ತು ಅವರದು. ನನ್ನ ವಿದ್ಯಾರ್ಥಿಗಳು ಮೆಚ್ಚುತ್ತಿದ್ದ ನನ್ನ ಉಪಮೆಗಳಲ್ಲಿ ಅರ್ಧಕ್ಕರ್ಧ, ಮೂಲದಲ್ಲಿ ನನ್ನನ್ನೇ ಉದ್ದೇಶಿಸಿ ಹೇಳಿದಂಥವು.

ಆ ದೊಡ್ಡಪ್ಪನಿಗೆ ಒಂದು ಕಾರಿತ್ತು. ಎರಡೇ ಬಾಗಿಲು, ಹಣ್ಣಾದ ಟೊಮ್ಯಾಟೊದ ಬಣ್ಣ, ಮೊಸಳೆ ಬಾಯಿ ತೆರೆದಂತೆ ಇಡಿಯಾಗಿ ಮೇಲೇಳುವ ಬಾನೆಟ್ಟು. ನೋಡಲು ಪಕ್ಕಾ ರೇಸಿನ ಕಾರು; ಓಡುತ್ತಿದ್ದುದು ಮಾತ್ರ ಗಬ್ಬದ ಹಸುವನ್ನು ಸಂತೆಗೆ ನಡೆಸಿಕೊಂಡು ಹೋಗುವ ವೇಗದಲ್ಲಿ. ನಮ್ಮ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೇ ಹರವುವುದು ನಿಮಗೆ ಗೊತ್ತು. ಬಸ್ಸು ಲಾರಿಗಳು ಮೇಲೆ ಹಾದು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಎಲ್ಲರೂ ಹಾದುಹೋಗುವ ಆ ಜಾಗದಲ್ಲಿ ನಮ್ಮ ದೊಡ್ಡಪ್ಪ ಮಾತ್ರ ಕಾರು ನಿಲ್ಲಿಸಿ, ಇಳಿದು, "ಅಮ್ಮಾ, ವಸಿ ದಾರಿ ಬಿಡ್ತೀರಾ?" ಎಂದು ಕೇಳುತ್ತಿದ್ದರು. ಹರವಿದ್ದ ಹೆಂಗಸು ಕವೆಗೋಲಿನಿಂದ ಬಳ್ಳಿಯನ್ನು ಪಕ್ಕಕ್ಕೆ ಎತ್ತಿಹಾಕಿದ ಮೇಲೆ ದಾಟಿ, ಮತ್ತೆ ಇಳಿದು, ರಸ್ತೆಯ ಮೇಲೆ ಅಂಗೈಯೂರಿ ಕಾರಿನ ಕೆಳಗೆ ನೋಡಿ, ಸಿಕ್ಕಿಕೊಂಡ ಒಂದೆರಡು ಎಳೆಗಳನ್ನು ಕಿತ್ತು ತಂದು ಆ ಹೆಂಗಸಿಗೇ ಒಪ್ಪಿಸುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ನಾವು ಮಕ್ಕಳು ಅವಮಾನದಿಂದ ತಲೆ ತಗ್ಗಿಸಿ ಕೂರುತ್ತಿದ್ದೆವು.

ಎಂಬತ್ತು ತುಂಬಿದಾಗ ಕಣ್ಣು ಮಂಜಾಯಿತು, ಕಿವಿ ಮಂದವಾಯಿತು. ಒಂದು ಬೆಳಿಗ್ಗೆ ಕೀಲಿಯನ್ನು ನನ್ನ ಅಂಗೈಗೆ ಹಾಕಿ "ಇನ್ಮೇಲೆ ನಿಂದು" ಎಂದರು. ಅಂದಿನಿಂದ ಅವರು ಕೂರುತ್ತಿದ್ದುದು ಹಿಂದಿನ ಸೀಟಿನಲ್ಲೇ. ಮುಂದೆ ಬನ್ನಿ ಎಂದರೆ, "ಕೊಟ್ಟ ಮೇಲೆ ಮುಂದೆ ಕೂರಬಾರ್ದು ಕಣೋ, ಕಾಲು ಬ್ರೇಕು ಹುಡುಕ್ತದೆ" ಎನ್ನುತ್ತಿದ್ದರು.

ಅವರ ಕಾಲು ಬ್ರೇಕು ಹುಡುಕಿದರೆ ನನ್ನದು ವೇಗವನ್ನು ಹುಡುಕಿತು. ನಲವತ್ತಾರರ ಪ್ರಾಯದಲ್ಲಿ ಹೊಟ್ಟೆ ಮುಂದಕ್ಕೂ ಕೂದಲು ಹಿಂದಕ್ಕೂ ಸರಿಯುತ್ತಿರುವ ಗಂಡಸಿಗೆ ಬರುವ ವ್ಯಾಧಿಗಳಲ್ಲಿ ಇದೂ ಒಂದು. ಬೇಲೂರಿನಲ್ಲಿ ಕಾಳಾಚಾರಿ ಎಂಬ ಮೆಕ್ಯಾನಿಕ್ ಇದ್ದ. ಕಾಫಿ ತೋಟದವರೊಬ್ಬರ ಹಳೆಯ ಕಾರನ್ನು ಹುಲಿ ಮಾಡಿಕೊಟ್ಟಿದ್ದನೆಂದು ಅವನ ಖ್ಯಾತಿ. ನನ್ನ ಕಾರಿಗೂ ಎರಡು ಹಂತದ ಕಾಯಕಲ್ಪವನ್ನು ವಿಧಿಸಿದ. ಮೊದಲನೆಯದು ಬಾಹ್ಯೋಪಚಾರ: ಸ್ಪ್ರಿಂಗು ಕುಗ್ಗಿಸಿ ಕಾರನ್ನು ನೆಲಕ್ಕಿಳಿಸುವುದು, ದಪ್ಪ ಕೊಳವೆಯ ಹೊಸ ಸೈಲೆನ್ಸರು, ಡ್ರೈವರಿಗೆ ನೆಲಕ್ಕೆ ಬೋಲ್ಟು ಹಾಕಿ ಬಿಗಿದ ರೇಸಿನ ಸೀಟು. ಎರಡನೆಯದು ಶಸ್ತ್ರಚಿಕಿತ್ಸೆ: ಇಂಜಿನ್ನನ್ನು ಬಿಚ್ಚಿ, ಅಲ್ಲಲ್ಲಿ ತರಿದು, ಜೋಡಿ ಕಾರ್ಬುರೇಟರು ಕೂರಿಸುವುದು. ಅದಕ್ಕೆ ತಗಲುವ ವೆಚ್ಚ, ಕಾರನ್ನೇ ಮಾರಿದರೂ ಹುಟ್ಟದಷ್ಟು. ಮೊದಲನೆಯದನ್ನು ಮಾಡಿ ಮುಗಿಸಿದ ಆಚಾರಿ ನನ್ನ ಮುಖ ನೋಡಿ ಹೇಳಿದ:

"ಒಂದ್ಸಲ ತರಿದ್ರೆ ವಾಪಸ್ ಅಂಟ್ಸಕ್ಕಾಗಲ್ಲ ಸ್ವಾಮಿ. ಒಂದ್ ವಾರ ಓಡ್ಸಿ ನೋಡಿ. ಭಾನುವಾರ ಸಂಜೆ ಒಳಗೆ ಹೂಂ ಇಲ್ಲ ಊಹೂಂ ಅಂದ್ಬಿಡಿ. ಸೋಮವಾರ ನಾನು ಸಾಮಾನಿಗೆ ಕೊಯಮತ್ತೂರಿಗೆ ಹೊಂಟೆ."

ಮನೆಯಲ್ಲಿ ನನ್ನ ಹೆಂಡತಿ ಎರಡೇ ಪ್ರಶ್ನೆ ಕೇಳಿದಳು. "ಕಾಲೇಜಿಗೆ ಇರೋದು ಒಂದೂವರೆ ಮೈಲಿ. ಅಷ್ಟು ಬೇಗ ಹೋಗಿ ಏನ್ ಮಾಡ್ತೀರಿ, ಬೀಗ ತೆಗೀತೀರಾ?" ಎಂಬುದು ಮೊದಲನೆಯದು, ಅದಕ್ಕೆ ನಕ್ಕೆ. "ದೊಡ್ಡ ಮಾವನೋರನ್ನ ಕೇಳಿದ್ರಾ?" ಎಂಬುದು ಎರಡನೆಯದು, ಅದಕ್ಕೆ ನಗು ಬರಲಿಲ್ಲ. ಕೀಲಿ ನನ್ನ ಕೈಯಲ್ಲಿತ್ತು, ನಿಜ. ಆದರೆ ಮೂವತ್ತೈದು ವರ್ಷ ಒಂದು ಗೀರೂ ಬೀಳದಂತೆ ಅವರು ನೋಡಿಕೊಂಡ ಇಂಜಿನ್ನಿನ ಎದೆ ಸೀಳಿಸಲು ಅವರ ಮಾತು ಬೇಡವೇ? ಕೇಳಿದರೆ ಬೇಡವೆಂದಾರೆಂಬ ಭಯ; ಕೇಳದಿದ್ದರೆ, ಮುಂದೆ ಎಂದಾದರೂ ಬಾನೆಟ್ಟು ಎತ್ತಿ ನೋಡಿ ಅವರು ಏನೂ ಅನ್ನದೆ ಮುಚ್ಚಿಬಿಟ್ಟಾರೆಂಬ ಇನ್ನೂ ದೊಡ್ಡ ಭಯ.

ಭಾನುವಾರ ಬೆಳಿಗ್ಗೆ ಬೇಲೂರಿಗೆ ಹೊರಟಾಗ ಅವರನ್ನೂ ಕರೆದುಕೊಂಡೆ. ದಾರಿಯಲ್ಲಿ ಕೇಳುವುದೆಂದು ಲೆಕ್ಕ. ಡ್ರೈವರ್ ಸೀಟು ಬೋಲ್ಟಿನ ಬಿಗಿತದಲ್ಲಿ ಅಲುಗಾಡುತ್ತಿರಲಿಲ್ಲ. ಎಡಗಡೆಯ ಹಳೆಯ ಸೀಟು ಮಡಚಿ ದೊಡ್ಡಪ್ಪನನ್ನು ಹಿಂದಕ್ಕೆ ಹತ್ತಿಸಿದೆ. ನಾನು ಕುಳಿತ ಹೊಸ ಸೀಟನ್ನು ಕೋಲಿನಿಂದ ತಟ್ಟಿ, "ಇದೇನ್ಲಾ, ಕುರ್ಚಿಯೋ ಒರಳೋ? ಕುಟ್ಟೋರು ಯಾರು?" ಎಂದರು.

ಊರು ದಾಟಿದ ಮೇಲೆ ಕತ್ತು ಹಿಂದೆ ತಿರುಗಿಸಿ ಕೂಗಿದೆ: "ದೊಡ್ಡಪ್ಪಾ, ಇಂಜಿನ್ ಬಿಚ್ಚಿಸಿ ಜೋರು ಮಾಡಿಸ್ಲಾ?"

"ಹೂಂ" ಎಂದರು.

ನನ್ನ ಜೀವ ಹಗುರವಾಯಿತು. ಆದರೂ ಸಂಶಯಪ್ರಾಣಿ ನಾನು, ಒಂದು ಮೈಲಿಯಾದ ಮೇಲೆ, "ಹಂಗಾದ್ರೆ ಬೇಡ ಅಂತೀರಾ?" ಎಂದೆ. ಅದಕ್ಕೂ "ಹೂಂ" ಎಂದರು. ಕನ್ನಡಿಯಲ್ಲಿ ನೋಡಿದರೆ ಮುಖದಲ್ಲಿ ಎಂಥದೋ ಪ್ರಸನ್ನತೆ, ಬೆರಳುಗಳು ಕೋಲಿನ ಹಿಡಿಯ ಮೇಲೆ ತಾಳ ಹಾಕುತ್ತಿವೆ. ಆ ಹೂಂಕಾರಗಳಲ್ಲಿ ನನಗೆ ಬೇಕಾದುದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದೋ, ಮತ್ತೆ ಕೇಳುವುದೋ ಎಂಬ ತೊಳಲಾಟದಲ್ಲೇ ಜಾವಗಲ್ ಬಂತು, ಹೋಯಿತು.

ಜಾವಗಲ್ ದಾಟಿ ಹಳೇಬೀಡಿನ ಕಡೆಗೆ ತಿರುಗಿದರೆ ರಸ್ತೆಯ ತುಂಬ ಹುರುಳಿ. ಮೊದಲ ಹರವು ಕಂಡಾಗ ನನ್ನ ಕಾಲು, ಅಭ್ಯಾಸಬಲದಿಂದ, ಬ್ರೇಕಿನ ಮೇಲೆ ಹೋಯಿತು. ಆದರೆ ರೇಸಿನ ಸೀಟಿನಲ್ಲಿ ಕುಳಿತವನು ಇಳಿದು ದಾರಿ ಬೇಡುವುದೇ? ಕಾಲು ಬದಲಾಯಿಸಿದೆ. ಬಳ್ಳಿಗಳು ಕಾರಿನ ತಳವನ್ನು ಸರಸರನೆ ಸವರಿದವು. ಎರಡನೆಯ ಹರವು, ಮೂರನೆಯದು. ಆಚಾರಿ ನೆಲಕ್ಕಿಳಿಸಿದ್ದ ಕಾರು ಈಗ ಹಾಯುತ್ತಿರಲಿಲ್ಲ, ಬಾಚುತ್ತಿತ್ತು, ನನಗದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ದೊಡ್ಡಪ್ಪನ ದನಿ ಬಂತು:

"ಯಾರೋ ಹುರುಳಿ ಹುರೀತಾವ್ರೆ ಕಣೋ."

ನನಗೂ ಆ ವಾಸನೆ ಬಂದಿತ್ತು. ನಿಮ್ಮಲ್ಲಿ ಏನನ್ನೂ ಮುಚ್ಚಿಡುವುದಿಲ್ಲ: ಆ ಕ್ಷಣ ನನಗೆ ನೆನಪಾದದ್ದು ಅಪಾಯವಲ್ಲ, ಹುರುಳಿ ಸಾರು.

ಎದುರಿಗೆ ಬಸ್ಸೊಂದು ಬಂತು. ದಾರಿ ಬಿಡಲೆಂದು ಎಡಕ್ಕೆ ಒತ್ತಿ, ನಾಲ್ಕನೆಯ ಹರವಿನ ಮೇಲೇ, ಮಣ್ಣಿನ ದಿಣ್ಣೆಗೆ ಆತುಕೊಂಡಂತೆ ನಿಲ್ಲಿಸಿದೆ. ಬಸ್ಸು ಹೋಯಿತು, ಅದರ ಧೂಳು ಅಡಗಿತು, ಹೊಗೆ ಮಾತ್ರ ಅಡಗಲಿಲ್ಲ. ಅದು ನನ್ನ ಕಾಲಡಿಯಿಂದ ಬರುತ್ತಿತ್ತು. ಕಾರಿನಡಿ ಚಕ್ರಗಳನ್ನು ಓಡಿಸುತ್ತ ತಿರುಗುವ ದಂಡಕ್ಕೆ ಸುತ್ತಿಕೊಂಡ ಒಣ ಬಳ್ಳಿ, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡಿತ್ತು.

ಇಂಜಿನ್ ಆರಿಸಿ ಹಾರಿ ಇಳಿದೆ. ಹಿಂದಿರುವವರನ್ನು ಇಳಿಸಲು ನನ್ನ ಸೀಟನ್ನು ಎಳೆದೆ. ಬೋಲ್ಟು ಬಿಗಿದ ಸೀಟು, ಕಲ್ಲುಗಂಬವಾಯಿತು. ಎಡಗಡೆಗೆ ಓಡಿ ಬಾಗಿಲೆಳೆದರೆ, ತಗ್ಗಿದ ಕಾರಿನ ಬಾಗಿಲಿನ ಅಂಚು ದಿಣ್ಣೆಗೆ ಕಚ್ಚಿಕೊಂಡು ಒಂದು ಗೇಣು ತೆರೆದು ನಿಂತಿತು. ಆ ಗೇಣಗಲದ ಸಂದಿಯಲ್ಲಿ ದೊಡ್ಡಪ್ಪನ ಮುಖ ಕಂಡಿತು. "ಏನಾಯ್ತೋ?" ಎಂದು ಕೇಳಿದರು. ನಾನು ಬಾಗಿಲನ್ನು ಜಗ್ಗುತ್ತಲೇ ಇದ್ದೆ. ಅವರು ಕಲಿಸಿದ ಅಷ್ಟು ಶಬ್ದಗಳಲ್ಲಿ ಒಂದೂ ಆಗ ನನ್ನ ಸಹಾಯಕ್ಕೆ ಬರಲಿಲ್ಲ.

ಹುರುಳಿ ಹರವಿದ್ದ ಹೆಂಗಸು ಕವೆಗೋಲು ಹಿಡಿದು ಓಡಿಬಂದಳು. ಅವಳ ಹೆಸರು ನಿಂಗಮ್ಮ ಎಂದು ಆಮೇಲೆ ತಿಳಿಯಿತು. "ಅಯ್ಯಯ್ಯೋ, ವರ್ಸದ್ ಬೆಳೆ ಮೇಲೆ ಬೆಂಕಿ ತಂದ್ ನಿಲ್ಸವ್ನಲ್ಲಪ್ಪಾ!" ಎಂದು ಬಾಯಿ ಬಡಿದುಕೊಂಡವಳು ಒಳಗೆ ನೋಡಿ ದನಿ ಬದಲಿಸಿದಳು: "ಮುದುಕಪ್ಪ ಒಳಗವ್ನೆ ಕಣ್ರೋ! ತಳ್ಳ್ರೋ, ಮುಂದಕ್ ತಳ್ಳ್ರೋ!"

ಐದಾರು ಜನ ಬಂದು ಹೆಗಲು ಕೊಟ್ಟರು. ಕಾರು ಮಿಸುಕಲಿಲ್ಲ. ಮತ್ತೆ ಕೊಟ್ಟರು. ಹಿಂದಿನ ಗಾಜು ಮಸುಕಾಗತೊಡಗಿತು, ಒಳಗೆ ಕೆಮ್ಮು ಕೇಳಿಸಿತು. ಏನು ತಡೆಯುತ್ತಿದೆಯೆಂದು ನನಗೆ ಹೊಳೆಯಲೇ ಇಲ್ಲ. ಆಗ ಕೆಮ್ಮಿನ ನಡುವೆ ನಿಧಾನವಾಗಿ, ಮಂಡಿಯಲ್ಲಿ ಆಳಿಗೆ ಹೇಳುವ ದನಿಯಲ್ಲಿ, ಒಳಗಿನಿಂದ ಮಾತು ಬಂತು:

"ಗೇರಲ್ಲೈತೆ ಕಣ್ಲಾ. ತಡಿ."

ಎರಡು ಸೀಟುಗಳ ನಡುವೆ ನರಗಳೆದ್ದ ಒಂದು ಕೈ ಹೊಗೆಯೊಳಗೆ ಚಾಚಿ ಬಂತು. ಕಣ್ಣಿಂದ ನೋಡುವ ಅಗತ್ಯವೇ ಅದಕ್ಕಿರಲಿಲ್ಲ. ಮೂವತ್ತೈದು ವರ್ಷದ ಗುರುತು. ಗೇರಿನ ಕೋಲನ್ನು ಹಿಡಿದು ಒಂದೇ ಒಂದು ಸಲ ಎಳೆಯಿತು. ಕಾರು ಉರುಳಿತು. ಹುರುಳಿಯಾಚೆ, ದಿಣ್ಣೆಯಾಚೆ ಬರಿಯ ಡಾಂಬರಿಗೆ ಬಂದ ಕೂಡಲೇ ಎಡಬಾಗಿಲು ಬಾಯಿಬಿಟ್ಟಿತು. ನಾನೂ ಇನ್ನೊಬ್ಬರೂ ಸೇರಿ ದೊಡ್ಡಪ್ಪನನ್ನು ಹೊರಗೆಳೆದೆವು. ಉಳಿದವರು ಬಾನಿ ಬಾನಿ ಮಣ್ಣು ತಂದು ಕಾರಿನ ಕೆಳಗೆ ಎರಚಿದರು. ಬೆಂಕಿ ಆರಿತು.

ದಿಣ್ಣೆಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದ ದೊಡ್ಡಪ್ಪನನ್ನು ನಿಂಗಮ್ಮ ದಿಟ್ಟಿಸಿ ನೋಡಿದಳು, ಆಮೇಲೆ ಕಾರನ್ನು ನೋಡಿದಳು. "ನೀವಲ್ವಾ ಇಳಿದು ದಾರಿ ಕೇಳ್ತಿದ್ದೋರು? ಕಡ್ಡಿ ಕಿತ್ತು ಕೈಗೆ ಕೊಟ್ಟು ಹೋಗೋರು?" ಎಂದಳು. ನನ್ನ ಕಡೆ ಗಲ್ಲ ತೋರಿಸಿ, "ಇವ್ರು ಯಾರು, ಡ್ರೈವರ್ರಾ?"

ದೊಡ್ಡಪ್ಪ ಒಂದು ಗುಟುಕು ನೀರು ನುಂಗಿ, "ಕಲೀತಾವ್ನೆ" ಎಂದರು.

ಅವರ ಸಮಸ್ತ ಬೈಗುಳಭಂಡಾರದಲ್ಲಿ ಇಷ್ಟು ಆಳಕ್ಕಿಳಿದದ್ದು ಇನ್ನೊಂದಿಲ್ಲ. ಅದು ಬೈಗುಳವೇ ಆಗಿರಲಿಲ್ಲವೆಂಬುದು ಬೇರೆ ಮಾತು.

ಮಧ್ಯಾಹ್ನದ ಮೇಲೆ ಟ್ರ್ಯಾಕ್ಟರೊಂದು ಕಾರನ್ನು ಹಗ್ಗ ಕಟ್ಟಿ ಹಳೇಬೀಡಿನ ಮೇಲಾಗಿ ಬೇಲೂರಿಗೆ ಎಳೆಯಿತು. ನಾವಿಬ್ಬರೂ ಟ್ರ್ಯಾಕ್ಟರಿನ ಮೇಲೆ, ವೇಗದ ಕನಸು ಹಗ್ಗದ ತುದಿಯಲ್ಲಿ. ಕಾಳಾಚಾರಿ ಕಾರಿನಡಿ ಮಲಗಿ ಪರೀಕ್ಷಿಸಿ ಎದ್ದುಬಂದ. "ಸೈಲೆನ್ಸರ್ ಹೋಗೈತೆ, ಒಂದಷ್ಟು ವೈರ್ ಸುಟ್ಟವೆ. ಇಂಜಿನ್ನಿಗೇನೂ ಆಗಿಲ್ಲ ಸ್ವಾಮಿ. ಏನ್ ಮಾಡೋಣ, ಬಿಚ್ಚೋದಾ?"

ಈ ಸಲ ನಾನು ಹಿಂದೆ ತಿರುಗಿ ಯಾರ ಹೂಂಕಾರಕ್ಕೂ ಕಾಯಲಿಲ್ಲ. "ಬೇಡ ಆಚಾರ್ರೇ. ಕಾರು ಮೇಲೆತ್ತಿ, ಆ ಸೀಟು ತೆಗೆದು ಹಳೇದು ಹಾಕಿ. ಇಂಜಿನ್ ಮುಟ್ಟಬೇಡಿ" ಎಂದೆ. ವಾರವಿಡೀ ಬೆಂಬಿಡದ ಪ್ರಶ್ನೆ ಎಷ್ಟು ಸುಲಭವಾಗಿ ಮುಗಿಯಿತೆಂದರೆ, ನಾನು ದೊಡ್ಡಪ್ಪನ ಒಪ್ಪಿಗೆಯನ್ನು ಬೆನ್ನಟ್ಟಿದ್ದು ನನ್ನ ನಿರ್ಧಾರದ ಹೊರೆಯನ್ನು ಎಂಬತ್ತು ದಾಟಿದ ಹೆಗಲಿಗೆ ದಾಟಿಸಲಿಕ್ಕೇ ಇರಬೇಕೆಂದು ನಾಚಿಕೆಯಾಯಿತು.

ಆಗ ದೊಡ್ಡಪ್ಪ ಕೋಲೂರಿಕೊಂಡು ಮುಂದೆ ಬಂದರು. ಸುಟ್ಟು ಕರಿಕಾದ ಆ ದಪ್ಪ ಕೊಳವೆಯನ್ನು ತುದಿಯಿಂದ ತಟ್ಟಿ, "ಇಂಥದೇ ಇನ್ನೊಂದು ಹಾಕಪ್ಪ. ಬಳ್ಳಿ ಸಿಗದಂಗೆ ಮೇಲಕ್ಕೆ ಕಟ್ಟು" ಎಂದರು.

ಆಚಾರಿ ತಬ್ಬಿಬ್ಬಾದ. "ಅಜ್ಜಾರೇ, ಆ ಇಂಜಿನ್ ಇಲ್ದೆ ಈ ಕೊಳವೆ ಹಾಕಿದ್ರೆ ಬರೀ ಸದ್ದು ಅಷ್ಟೇಯ. ಒಂದು ಇಂಚೂ ಜೋರಾಗಿ ಓಡಲ್ಲ."

"ಅಷ್ಟೇ ಬೇಕಾಗಿರೋದು. ನಾಕು ವರ್ಸ ಆಯ್ತು, ನನ್ ಕಾರು ಓಡೋದು ನಂಗೆ ಕೇಳ್ಸಿರಲಿಲ್ಲ. ಇವತ್ತು ಅರಸೀಕೆರೆಯಿಂದ ಕೇಳ್ಕೊಂಡು ಬಂದೆ."

ಕನ್ನಡಿಯಲ್ಲಿ ನಾನು ಕಂಡ ಪ್ರಸನ್ನತೆಯೂ, ಕೋಲಿನ ಮೇಲಿನ ತಾಳವೂ, ಆ ಎರಡು ಹೂಂಕಾರಗಳೂ ಯಾವುದಕ್ಕೆ ಸಂದವೆಂದು ಆಗ ತಿಳಿಯಿತು. ಅವರು ನನಗೆ ಉತ್ತರಿಸುತ್ತಲೇ ಇರಲಿಲ್ಲ; ಇಂಜಿನ್ನಿಗೆ ಹೂಂಗುಟ್ಟುತ್ತಿದ್ದರು. ದುಬಾರಿ ಬದಲಾವಣೆಯೊಂದು ಮಾಡಿಸಲು ಯೋಗ್ಯವೇ ಅಲ್ಲವೇ ಎಂದು ನಾನು ವಾರವೆಲ್ಲ ಸ್ಟಿಯರಿಂಗಿನ ಮುಂದೆ ಕುಳಿತು ತೂಗಿದ್ದೆ. ಹಿಂದಿನ ಸೀಟಿಗೆ ಬೇರೆಯದೇ ತಕ್ಕಡಿ ಇರುತ್ತದೆಂಬುದು ನನಗೆ ಹೊಳೆದಿರಲಿಲ್ಲ.

ಅಲ್ಲಿಂದೀಚೆಗೆ ನಮ್ಮ ಕಾರು ಗಬ್ಬದ ಹಸುವಿನ ವೇಗದಲ್ಲಿ ಹುಲಿಯ ಗರ್ಜನೆ ಮಾಡುತ್ತ ಓಡಾಡತೊಡಗಿತು. ಸದ್ದು ಕೇಳಿ ದಾರಿ ಬಿಟ್ಟವರು, ನಾವು ಬರುವುದನ್ನು ಕಾದು ಕಾದು ಬೇಸತ್ತು ಮತ್ತೆ ದಾರಿಗಿಳಿಯುತ್ತಿದ್ದರು. ಮರುವರ್ಷದ ಸುಗ್ಗಿಯಲ್ಲಿ ಹಳೇಬೀಡಿನ ರಸ್ತೆಯಲ್ಲಿ ನಿಲ್ಲಿಸಿ, ಇಳಿದು, ನಿಂಗಮ್ಮನ ಹತ್ತಿರ ದಾರಿ ಕೇಳಿದೆ. "ಪರವಾಗಿಲ್ಲ, ಕಲ್ತವ್ರೆ" ಎಂದು ದೊಡ್ಡಪ್ಪನಿಗೆ ಕೇಳುವಷ್ಟು ಜೋರಾಗಿ ಹೇಳಿ, ಕವೆಗೋಲಿನಿಂದ ಬಳ್ಳಿ ಎತ್ತಿದಳು. ದಾಟಿದ ಮೇಲೆ ಕೆಳಗೆ ನೋಡಲೆಂದು ಇಂಜಿನ್ ಆರಿಸಲು ಕೀಲಿಗೆ ಕೈ ಹಾಕಿದೆ. ಹಿಂದಿನಿಂದ ಕೋಲು ಬಂದು ನನ್ನ ಹೆಗಲನ್ನು ಮೆಲ್ಲಗೆ ತಟ್ಟಿತು.

"ಆರಿಸಬೇಡ ಕಣೋ. ನೀ ನೋಡ್ಕೋ, ನಾ ಕೇಳ್ತಿರ್ತೀನಿ."

ಗೇರು ತೆಗೆದು, ಕೈಬ್ರೇಕು ಎಳೆದು, ಗರ್ಜಿಸುತ್ತಿರುವ ಆ ಹೊಟ್ಟೆಯ ಕೆಳಗೆ ಮೊಣಕಾಲೂರಿ ಬಗ್ಗಿದೆ. ಒಂದು ಎಳೆ ಸಿಕ್ಕಿತು. ಕಿತ್ತು ನಿಂಗಮ್ಮನ ಕೈಗೆ ಕೊಟ್ಟೆ.