ಅಕ್ಕನ ಕೂದಲಿನ ಚೀಲ

ಇವತ್ತು ಬೆಳಿಗ್ಗೆ ಓಣಿಯಲ್ಲಿ ಕೂದಲು ಕೊಳ್ಳುವ ಶಾಂತವ್ವನ ಕೂಗು ಕೇಳಿ ನನ್ನ ಕೈಯ ಚಹಾ ತುಳುಕಿತು. ನಗಬೇಡಿ. ಬಾಚಿದಾಗ ಉದುರಿದ ಕೂದಲನ್ನು ಚೀಲದಲ್ಲಿ ಕೂಡಿಟ್ಟು, ಅವಳಿಗೆ ಕೊಟ್ಟು ಸ್ಟೀಲಿನ ಬಟ್ಟಲು ಪಡೆಯುವುದು ನಮ್ಮ ಸೋಲಾಪುರದ ಮನೆಯ ರೂಢಿ. ಒಂದು ಬಟ್ಟಲಿಗೆ ವರ್ಷವೇ ಬೇಕು.

ಎರಡು ವರ್ಷದ ಹಿಂದೆ ಅಕ್ಕ ಕರುಳಿನ ಹುಣ್ಣಿನ ಚಿಕಿತ್ಸೆಗೆಂದು ಅಕ್ಕಲಕೋಟದಿಂದ ನಮ್ಮಲ್ಲಿಗೆ ಬಂದಿದ್ದಳು. ಹೊಸ ಗುಳಿಗೆಯಿಂದ ಮಲದಲ್ಲಿ ರಕ್ತ ಬೀಳುವುದು ನಿಂತಿತು, ಕೂದಲು ಉದುರತೊಡಗಿತು. ಬಿ.ಎಸ್ಸಿ. ಓದಿದ ನಾನು ಬೋರಿನ ನೀರನ್ನು ದೂರಿ ಎಣ್ಣೆಯ ಬಾಟಲಿ ತಂದುಕೊಟ್ಟೆ. ಸುಧಾರಿಸಿದ್ದಾಳಲ್ಲ ಎಂದು ರಕ್ತಪರೀಕ್ಷೆಯನ್ನೂ ಮುಂದೂಡಿದೆವು.

ಆ ದಿನಗಳಲ್ಲೇ ಒಮ್ಮೆ ಬಂದ ಶಾಂತವ್ವ ಅಕ್ಕನ ಚೀಲಕ್ಕೆ ಕೈಹಾಕಿದವಳು ಹಾಗೇ ನಿಂತಳು.

“ಎಷ್ಟ ಮಂದೀದರಿ ಇದು?”

“ನಂದ ಒಬ್ಬಾಕೀದು, ಹದಿನೈದ ದಿನದ್ದು. ದೊಡ್ಡ ಬಟ್ಟಲಾನ ಕೊಡಬೇಕ ನೋಡವಾ,” ಎಂದು ಅಕ್ಕ ನಕ್ಕಳು.

“ಬಟ್ಟಲಾ ಆಮ್ಯಾಲ ಕೊಡತೀನ್ರಿ ತಾಯಿ. ಮೊದಲ ದವಾಖಾನಿಗಿ ಹೋಗ್ರಿ. ಬುಡಸಮೇತ ಬಂದಾವ.”

ಆಗ ಅಕ್ಕನ ಹಣೆ ಮುಟ್ಟಿದೆ. ಸುಡುತ್ತಿತ್ತು.

ದವಾಖಾನೆಯಲ್ಲಿ ನೋಡಿದರೆ, ರಕ್ತದಲ್ಲಿ ಸೋಂಕು ತಡೆಯುವ ಬಿಳಿಕಣಗಳು ಬರಿದಾಗುತ್ತ ಬಂದಿದ್ದವು. “ಇನ್ನ ಎರಡ ದಿನ ತಡಾ ಆಗಿದ್ರ...” ಎಂದು ಡಾಕ್ಟರು ಅರ್ಧಕ್ಕೇ ಬಿಟ್ಟು ಚೀಟಿ ಬರೆಯತೊಡಗಿದರು. ಆ ವಾಕ್ಯವನ್ನು ನಾನು ಇಂದಿಗೂ ಪೂರ್ತಿ ಮಾಡುತ್ತಲೇ ಇದ್ದೇನೆ.

ಆ ಹೊಸ ಗುಳಿಗೆಯೇ ಕಾರಣವೆಂದು ಅದನ್ನು ನಿಲ್ಲಿಸಿದರು. ಕಣಗಳು ಏರತೊಡಗಿದ ದಿನ ಡಾಕ್ಟರು ಕುರ್ಚಿಗೆ ಒರಗಿ ಹೇಳಿದರು:

“ಈ ಗುಳಿಗಿ ಒಗ್ಗದವರ ವಂಶವಾಹಿಯೊಳಗಿನ ಗುರುತು ಮೊದಲ ಯುರೋಪಿನ ಮಂದಿಯೊಳಗ ಸಿಕ್ಕಿತ್ತು. ನಮ್ಮ ಕಡೆ ಆ ಗುರುತ ಇಲ್ಲದವರಿಗೂ ಒಗ್ಗತಿರಲಿಲ್ಲ. ಆಮ್ಯಾಲ ಪೂರ್ವದ ದೇಶದಾಗ ಒಗ್ಗಿದವರದು, ಒಗ್ಗದವರದು ಎಲ್ಲಾ ವಂಶವಾಹಿ ಹೋಲಿಸಿ ನೋಡಿದ್ರು. ನಮ್ಮ ಸೋಲಾಪುರದ ಚಾದರ ಸಾಲಾಗಿ ಹಾಸಿ ಯಾವ ಎಳಿ ಬ್ಯಾರೆ ಅದ ಅಂತ ಹುಡುಕಿದ್ಹಂಗ. ವಂಶವಾಹಿಯ ಬರಹದಾಗ ಒಂದ ಅಕ್ಷರದ ಫರಕ ಸಿಕ್ತು.”

ಮುಂಚೆ ಒಂದೊಂದೇ ವಂಶವಾಹಿಯನ್ನು ಊಹಿಸಿ ತಡಕುತ್ತಿದ್ದರಂತೆ. ಈಗ ಊಹೆಯಿಲ್ಲದೆ ಎಲ್ಲವನ್ನೂ ನೋಡುತ್ತಾರೆ. ಎಲ್ಲ ರೋಗಕ್ಕೂ ಹೀಗೆ ಒಂದೇ ಅಕ್ಷರ ಸಿಗುವುದಿಲ್ಲ, ಬಹಳಷ್ಟಕ್ಕೆ ನೂರಾರು ಎಳೆ ಸೇರಿರುತ್ತವೆ ಎಂದೂ ಅವರೇ ಎಚ್ಚರಿಸಿದರು. ಅಕ್ಕನ ರಕ್ತದಲ್ಲಿ ಆ ಅಕ್ಷರವಿತ್ತು. ನನ್ನದರಲ್ಲೂ ಇದೆ. ಯಾವ ಗುಳಿಗೆ ಕೊಡಬಾರದು ಎಂಬ ಚೀಟಿ ನನ್ನ ಪಾಕೀಟಿನಲ್ಲೇ ಇರುತ್ತದೆ.

ಇವತ್ತು, ಆಗಿನಿಂದ ನಮ್ಮಲ್ಲೇ ಉಳಿದಿರುವ ಅಕ್ಕ ಹೊಸ ಕೂದಲಿನ ಜಡೆ ಬೆನ್ನಿಗೆ ಎಸೆದುಕೊಂಡು ಬಾಗಿಲಿಗೆ ಹೋದಳು. ಶಾಂತವ್ವ ಚೀಲವನ್ನು ಅಂಗೈಯಲ್ಲಿ ತೂಗಿ ಮೂಗು ಮುರಿದಳು.

“ವರ್ಷದಾಗ ಇಷ್ಟನ? ಬಟ್ಟಲಾ ಎಲ್ಲಿ ಬರತದರಿ, ನಾಕ ಪಿನ್ನ ತಗೋರಿ.”

“ಆಗ ಉಳಿಸಿಕೊಂಡ ಬಟ್ಟಲಾ ಈಗ ಕೊಡ,” ಎಂದು ಅಕ್ಕ ಜಗಳಕ್ಕೆ ನಿಂತಳು.

ಆರಿದ ಚಹಾವನ್ನು ನಾನು ನಿಧಾನವಾಗಿ, ಪೂರ್ತಿ ಕುಡಿದೆ.