ಸರ್ವರ್ ಸಾಹೇಬರು
ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವರು ಸರ್ವರ್ ಸಾಹೇಬರು. ಪ್ರೋಗ್ರಾಮಿನ ಒಂದೊಂದು ತಿದ್ದುಪಡಿಯನ್ನೂ ತಿದ್ದಿದವರ ಹೆಸರಿನ ಸಮೇತ ಕಾಪಾಡುವ ಗಿಟ್ ಸರ್ವರ್ ಅವರ ಕೂಸು. ಅದನ್ನು ಹೊಸ ಲಿನಕ್ಸ್ ಯಂತ್ರಕ್ಕೆ ಸಾಗಿಸುವ ದಿನ ಬಂತೆಂದರೆ ಮದುವೆಮನೆ ಯಜಮಾನರ ಗತ್ತು: ಕೀಬೋರ್ಡ್ ಒರೆಸಿ, ತೋಳು ಮಡಚಿ, ಯಂತ್ರದ ಫ್ಯಾನಿಗೂ "ಸುಮ್ನಿರಪ್ಪ ಸ್ವಲ್ಪ" ಎಂದು ಗದರಿ, ಪ್ರತಿ ಕಮಾಂಡನ್ನೂ ಗೊಣಗಿಕೊಂಡೇ ಒತ್ತುತ್ತಾರೆ. ಪಾಸ್‌ವರ್ಡ್ ಕೇಳಿ ಬಂದವರಿಗೆ ಅವರ ಬೆನ್ನಿನ ದರ್ಶನವಷ್ಟೇ. ಈ ಸಲ ಮ್ಯಾನೇಜರಮ್ಮ ತಲೆ ಚಚ್ಚಿಕೊಂಡರು: "ಹಳೇ ತಿದ್ದುಪಡಿನೆಲ್ಲ ಯಾಕ್ರೀ ಹೊತ್ಕೊಂಡು ಬರ್ತೀರಿ? ಕೊನೇ ಪ್ರತಿ ಒಂದು ಹಾಕಿದ್ರೆ ಕೆಲಸ ಮುಗೀತಲ್ಲ!" ಸಾಹೇಬರು ಪಕ್ಕದ ಕುರ್ಚಿಯತ್ತ ನೋಡಿದರು. ಅಲ್ಲಿ ಕೂರುತ್ತಿದ್ದ ಗೆಳೆಯ ತೀರಿಕೊಂಡ ಮೇಲೆ ಅದರಲ್ಲಿ ಯಾರನ್ನೂ ಅವರು ಕೂರಲು ಬಿಟ್ಟಿಲ್ಲ. "ಹಾಗೆ ಹಾಕಿದ್ರೆ ಅವನು ಬರೆದಿದ್ದೆಲ್ಲ ನನ್ನ ಹೆಸರಿಗೆ ಬಂದ್ಬಿಡುತ್ತೆ ಮೇಡಂ."