ಎಲ್ಲರ ಉತ್ತರ ಕಾಕಾನ ಬಾಯಲ್ಲಿ

ರಾಣೆಬೆನ್ನೂರಿನ ಶಂಕ್ರಪ್ಪ ಕಾಕಾನ ಎದುರು ಯಾರನ್ನು ಏನು ಕೇಳಿದರೂ ಉತ್ತರ ಕೊಡುವವನು ಅವನೇ. ಅವನ ಅತ್ತಿಗೆ, ನನ್ನ ದೊಡ್ಡವ್ವ ಗೌರವ್ವನಿಗೆ ಯಾರಾದರೂ ಚಾ ತಂದರೆ, "ವೈನಿ ಚಾ ಕುಡ್ಯಾಂಗಿಲ್ರಿ" ಎಂದು ಕಪ್ಪನ್ನು ವಾಪಸ್ ಕಳಿಸುತ್ತಿದ್ದ. ಪಿಯುಸಿಗೆ ಯಾವ ವಿಷಯ ಬೇಕೆಂದು ಪ್ರಾಚಾರ್ಯರು ಕೇಳಿದ್ದು ನನ್ನನ್ನು. "ಆಕಿಗೇನ್ ತಿಳೀತೈತ್ರಿ, ನಾ ಹೇಳತೇನಲ್ಲ" ಎಂದ. ವಿಜ್ಞಾನ ಓದಬೇಕಿದ್ದ ನಾನು ಇತಿಹಾಸ ಓದಿದೆ. ನನಗೆ ಅವನನ್ನು ಕಂಡರಾಗದು, ಮುಚ್ಚುಮರೆ ಏಕೆ?

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಒಬ್ಬಳೇ ಇದ್ದಳು. ವಯಸ್ಸಾಯಿತು, ಎರಡು ಸಲ ಒಲೆಯ ಮೇಲಿನ ಹಾಲು ಮರೆತಳು. ಅಷ್ಟಕ್ಕೇ ಕಾಕಾ ಹಾವೇರಿ ಕೋರ್ಟಿಗೆ ಅರ್ಜಿ ಹಾಕಿದ. ವೈನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಅವಳು ಎಲ್ಲಿರಬೇಕು, ಹೇಗಿರಬೇಕು ಎಂದು ತೀರ್ಮಾನಿಸುವ ಅಧಿಕಾರ ತನಗೆ ಬೇಕು ಎಂದು.

ನ್ಯಾಯಾಧೀಶರು ದೊಡ್ಡವ್ವನನ್ನು ಹತ್ತಿರ ಕರೆದು ಊರು ಕೇಳಿದರು. ಹೇಳಿದಳು. ಗಂಡನ ಹೆಸರು ಕೇಳಿದರು. ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು.

"ನೋಡ್ರಿ ಸಾಹೇಬ್ರ, ಗಂಡನ ಹೆಸರೂ ಮರತಾರ!" ಎಂದ ಕಾಕಾ.

ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರನ್ನು ಹಾಗೇ ಹೇಳುವುದಿಲ್ಲ, ಪ್ರಾಸ ಕೂಡಿಸಿ ಒಡಪಿನಲ್ಲಿ ಹೇಳುತ್ತಾರೆ. ಅದು ಕಾಕಾನಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡವ್ವ ಮದುಮಗಳಾಗಿ ಬಂದ ದಿನ ಹೊಸ್ತಿಲಿಗೆ ಅಡ್ಡ ನಿಂತು ಒಡಪು ಹೇಳಿಸಿಕೊಂಡೇ ಒಳಗೆ ಬಿಟ್ಟ ಮೈದುನ ಅವನೇ. ಗೊತ್ತಿದ್ದೂ ಹಾಗೆ ಹೇಳಿದನಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾನು ಎದ್ದು ನಿಂತೆ. "ಒಡಪು ಹಾಕಿ ಹೇಳು ಅನ್ರಿ ಸಾಹೇಬ್ರ, ಹೇಳತಾಳ."

ಅವರು ಹಾಗೇ ಕೇಳಿದರು. ದೊಡ್ಡವ್ವ ನಾಚುತ್ತ ಹೇಳಿದಳು: "ಅಂಗಳದಾಗ ಹರವಿದ ಮೆಣಸಿನಕಾಯಿ ಕೆಂಪು, ನಾಗಪ್ಪನವರ ಹೆಸರು ಹೇಳಿದ್ರ ಮನಸಿಗೆ ತಂಪು."

"ಎಲ್ಲಿರ್ತೀರಿ, ನಿಮ್ಮ ಮನೆಯಲ್ಲೋ ಮೈದುನರ ಮನೆಯಲ್ಲೋ?"

"ನನ್ನ ಮನ್ಯಾಗ ಇರತೇನ್ರಿ. ಅಲ್ಲಿ ಬೇಕಾದಾಗ ಚಾ ಕುಡೀತೇನಿ."

ಅರ್ಜಿ ವಜಾ ಆಯಿತು. ದೊಡ್ಡವ್ವ ಕೊನೆಯವರೆಗೂ ಬ್ಯಾಡಗಿಯಲ್ಲೇ ಇದ್ದಳು.

ಹೋದ ವರ್ಷ ಕಾಕಾನಿಗೆ ಲಕ್ವಾ ಹೊಡೆದು ಬಾಯಿ ಬಿದ್ದುಹೋಯಿತು. ನಾಲ್ಕು ಮಂದಿಯ ಮಾತಿಗೆ ಹೆದರಿ ನೋಡಲು ಹೋದೆ. ಅವನ ಸೊಸೆ ಚಾ ತಂದಳು. ಕಾಕಾ ನೆಟ್ಟಗಿದ್ದ ಒಂದು ಕೈಯನ್ನು ಕಪ್ಪಿನತ್ತ ಚಾಚಿದ.

"ಮಾವಾರು ಚಾ ಕುಡ್ಯಾಂಗಿಲ್ರಿ" ಎಂದಳು ಸೊಸೆ.

ಕಾಕಾ ನನ್ನ ಮುಖ ನೋಡಿದ. ಅವನಿಗೆ ಚಾ ಬೇಕಿತ್ತು, ಅದು ನನಗೆ ಗೊತ್ತಿತ್ತು. ನಾನು ನನ್ನ ಚಾ ಕುಡಿದು ಎದ್ದು ಬಂದೆ.